ಕಾರಟಗಿಯ ಗುಮಾಸ್ತನೊಬ್ಬ ಖಿನ್ನತೆಯ ಚಿಕಿತ್ಸೆಗೆ ಕೊಟ್ಟ ಅಂಕಗಳು

ಗಂಗಾವತಿಯ ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿಯಾಗಿ ಸಿಗುತ್ತದೆ, ಸಿಂಧನೂರಿನ ಯಾವ ಅಂಗಡಿಯಲ್ಲಿ ಪಂಪ್‌ಸೆಟ್ ಕೊಂಡರೆ ರಿಪೇರಿಗೆ ಹೊಲಕ್ಕೇ ಬರುತ್ತಾರೆ ಎಂಬುದನ್ನು ನಮ್ಮ ಭಾಗದ ಜನ ಕೇಳದಿದ್ದರೂ ಹೇಳುತ್ತಾರೆ. ಮನಸ್ಸಿನ ಕಾಯಿಲೆಗೆ ಎಲ್ಲಿ ತೋರಿಸಿದಿರಿ, ಎಷ್ಟು ಖರ್ಚಾಯಿತು, ಕಡಿಮೆಯಾಯಿತೇ ಎಂದು ಕೇಳಿದರೆ ಮಾತ್ರ ಎಲ್ಲರೂ ನೆಲ ನೋಡುತ್ತಾರೆ. ನಾನು ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ 22 ವರ್ಷಗಳಿಂದ ಲೆಕ್ಕ ಬರೆಯುವವನು; ಕಳೆದ 18 ತಿಂಗಳಿಂದ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವನು. ಈ ಅವಧಿಯಲ್ಲಿ ಸರ್ಕಾರಿ ಆಸ್ಪತ್ರೆ, ಖಾಸಗಿ ಮನೋವೈದ್ಯರು, ಆಪ್ತಸಮಾಲೋಚನೆ, ದೂರವಾಣಿ ಸಹಾಯವಾಣಿ ಎಲ್ಲವನ್ನೂ ಬಳಸಿದ್ದೇನೆ. ಬಸ್ಸಿನ ಟಿಕೆಟ್ಟಿನಿಂದ ಹಿಡಿದು ಬೆಂಚಿನ ಮೇಲೆ ಕಾದ ಗಂಟೆಗಳವರೆಗೆ ಎಲ್ಲವನ್ನೂ ಹಳೆಯ ಕಿರ್ದಿ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆದಿಟ್ಟಿರುವುದರಿಂದ, ಈ ವಿಮರ್ಶೆಗೆ ಬೇಕಾದ ಪುರಾವೆ ನನ್ನ ಬಳಿ ಇದೆ.

ಅಂಕ ಕೊಡಲು ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಮೂರನೆಯ ಚೀಟಿ. ಮೊದಲ ಭೇಟಿಯಲ್ಲಿ ಯಾವ ಆಸ್ಪತ್ರೆಯೂ ಒಳ್ಳೆಯದಾಗಿ ಕಾಣಬಹುದು, ಯಾವುದೂ ಕೆಟ್ಟದಾಗಿ ಕಾಣಬಹುದು. ಅದು ಆ ದಿನದ ನೂಕುನುಗ್ಗಲನ್ನು ಅವಲಂಬಿಸಿರುತ್ತದೆ. ಆದರೆ ಈ ಕಾಯಿಲೆಯ ಔಷಧಿ ಫಲ ಕೊಡಲು ವಾರಗಳು ಬೇಕು, ಪೂರ್ಣ ಚಿಕಿತ್ಸೆಗೆ ತಿಂಗಳುಗಳು ಬೇಕು. ಹಾಗಾಗಿ ರೋಗಿಯು ಮೂರನೆಯ ಸಲವೂ ಅಲ್ಲಿಗೆ ಹೋಗಬಲ್ಲನೇ, ಹೋದರೆ ಅವನ ಹಿಂದಿನ ಕಥೆ ಗೊತ್ತಿರುವವರು ಅಲ್ಲಿರುತ್ತಾರೆಯೇ, ಅದೇ ಗುಳಿಗೆ ಕೌಂಟರಿನಲ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೇ ಆ ಸೇವೆಯ ನಿಜವಾದ ಬೆಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಯಿಲೆ ಮೊದಲು ಕಾಣಿಸಿಕೊಂಡಿದ್ದು ಲೆಕ್ಕದಲ್ಲಿ. ಮುಂಗಾರಿನ ಭತ್ತ ಗಿರಣಿಗೆ ಬರುವ ದಿನಗಳಲ್ಲಿ ತೂಕದ ಚೀಟಿಗಳನ್ನು ಮೂರು ಸಲ ಕೂಡಿಸಿದರೆ ಮೂರು ಮೊತ್ತ ಬರತೊಡಗಿತು. ನಸುಕಿನ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಹಸಿವಿಲ್ಲ, ಹೊಟ್ಟೆಯಲ್ಲಿ ಸದಾ ಕಲ್ಲಿಟ್ಟ ಭಾರ, ಕೈಕಾಲಿನಲ್ಲಿ ಕಸುವಿಲ್ಲ. ಮಗಳು ಒಳ್ಳೆಯ ಅಂಕ ತಂದ ದಿನ ಪೇಢೆಯ ಪೆಟ್ಟಿಗೆ ಕೈಯಲ್ಲಿದ್ದರೂ ಸಂತೋಷ ಒಳಗೆ ಇಳಿಯಲಿಲ್ಲ. ನನಗೆ ದುಃಖವಾಗಿದೆ ಎಂದು ಆಗ ಒಮ್ಮೆಯೂ ಅನ್ನಿಸಿರಲಿಲ್ಲ. ಖಿನ್ನತೆ ಎಂಬ ಪದ ನಮ್ಮ ಕಡೆ ಪತ್ರಿಕೆಯಲ್ಲಿ ಮಾತ್ರ ಇರುತ್ತದೆ. ಬಾಯಲ್ಲಿ ಇರುವುದು ‘ಬ್ಯಾಸರ ಆಗೈತಿ’, ‘ಜೀವಕ್ಕ ಸಮಾಧಾನ ಇಲ್ಲ’, ‘ಮೈಯಾಗ ಶಕ್ತಿ ಇಲ್ಲ’ ಎಂಬ ಮಾತುಗಳು. ಅವುಗಳನ್ನು ಕೇಳಿದ ಮನೆಯವರು ಹೊಟ್ಟೆಯ ವೈದ್ಯರನ್ನು ಹುಡುಕುತ್ತಾರೆಯೇ ಹೊರತು ಮನಸ್ಸಿನ ವೈದ್ಯರನ್ನಲ್ಲ.

ಹಾಗಾಗಿ ಮೊದಲ ನಾಲ್ಕು ತಿಂಗಳು ತಪ್ಪು ಬಾಗಿಲುಗಳಲ್ಲೇ ಕಳೆದವು. ಗ್ಯಾಸ್ಟ್ರಿಕ್ ಗುಳಿಗೆ, ಎರಡು ಸಲ ಗ್ಲೂಕೋಸ್, ಒಂದು ಎಂಡೋಸ್ಕೋಪಿ, ಒಂದು ಸ್ಕ್ಯಾನ್. ನನ್ನ ಪುಸ್ತಕದ ಪ್ರಕಾರ ಒಟ್ಟು 17,800 ರೂಪಾಯಿ, ಫಲ ಶೂನ್ಯ. ಈ ಖರ್ಚಿಗಿಂತ ಹೆಚ್ಚು ಕೋಪ ನನಗೆ ಒಂದು ಮೆಡಿಕಲ್ ಅಂಗಡಿಯ ಮೇಲಿದೆ. ನಿದ್ದೆ ಬರುವುದಿಲ್ಲ ಎಂದಾಗ ವೈದ್ಯರ ಚೀಟಿ ಇಲ್ಲದೆ ಆಲ್ಪ್ರಜೋಲಾಮ್ ಗುಳಿಗೆಯನ್ನು ಕತ್ತರಿಸಿ ಕತ್ತರಿಸಿ ಕೊಟ್ಟರು. ಅದು ನಿದ್ದೆ ತರಿಸುತ್ತದೆ, ಕಾಯಿಲೆಯನ್ನು ಮುಟ್ಟುವುದಿಲ್ಲ, ವಾರಗಟ್ಟಲೆ ನುಂಗಿದರೆ ಚಟವಾಗುತ್ತದೆ. ಚೀಟಿಯಿಲ್ಲದೆ ಅದನ್ನು ಮಾರುವುದು ಕಾನೂನಿಗೆ ವಿರುದ್ಧ ಎಂಬುದು ನನಗೆ ತಿಳಿದದ್ದು ನಂತರ. ಮುಂದೆ ಮನೋವೈದ್ಯರು ಅದನ್ನು ಬಿಡಿಸಲು ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕಾಯಿತು.

ಸರಿಯಾದ ಬಾಗಿಲು ತೋರಿಸಿದವರು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ನನ್ನ ಹೆಂಡತಿಯ ಹತ್ತಿರ ಎಲ್ಲವನ್ನೂ ಕೇಳಿಕೊಂಡು, ‘ಅಕ್ಕಾರ, ಮಂಗಳವಾರ ಒಂದ್ ಸಲ ಯಜಮಾನ್ರನ್ನ ದೊಡ್ಡ ದವಾಖಾನಿಗೆ ಕರ್ಕೊಂಡ್ ಹೋಗ್ರಿ, ಅವತ್ತ ಮನಸಿನ ಡಾಕ್ಟರ್ ಬರ್ತಾರ’ ಎಂದರು. ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮ ಇದು. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುತ್ತಾರೆ. ನಾನು ಹೋದದ್ದು ಯಾವ ಊರಿನ ಆಸ್ಪತ್ರೆಗೆ ಎಂದು ಬರೆಯುವುದಿಲ್ಲ, ಏಕೆಂದರೆ ಹೊಗಳಿಕೆಯ ಜೊತೆಗೆ ದೂರೂ ಇದೆ, ಮತ್ತು ಅಲ್ಲಿನ ಸಿಬ್ಬಂದಿಯನ್ನು ನಾನು ಈಗಲೂ ಪ್ರತಿ ತಿಂಗಳು ಭೇಟಿಯಾಗುತ್ತೇನೆ.

ಮೊದಲು ದೂರನ್ನೇ ಹೇಳಿಬಿಡುತ್ತೇನೆ. ಸಾಮಾನ್ಯ ಒಪಿಡಿಯ ಉದ್ದನೆಯ ಸಾಲಿನಲ್ಲಿ ನಾವು ನಿಂತಿದ್ದಾಗ ಒಬ್ಬರು ಬಂದು, ‘ಮೆಂಟಲ್‌ದವ್ರು ಯಾರದೀರಿ, ಈ ಕಡೆ ಬರ್ರಿ’ ಎಂದು ಕೂಗಿದರು. ನಮ್ಮ ಗಿರಣಿಗೆ ಭತ್ತ ಹಾಕುವ ಇಬ್ಬರು ರೈತರು ಅದೇ ಸಾಲಿನಲ್ಲಿದ್ದರು. ನಾನು ಕಾಲು ನೋವಿನವನಂತೆ ಅಲ್ಲಿಯೇ ನಿಂತೆ. ಹೆಂಡತಿ ಕೈ ಹಿಡಿದು ಎಳೆಯದಿದ್ದರೆ ಆ ದಿನ ಮನೆಗೆ ವಾಪಸಾಗುತ್ತಿದ್ದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಯ ಕಾಯಿಲೆಯ ವಿವರವನ್ನು ಗೋಪ್ಯವಾಗಿಡಬೇಕೆಂದು ಹೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಚೀಟಿಯ ಮೇಲೆ ಒಂದು ಕೋಣೆಯ ಸಂಖ್ಯೆ ಬರೆದು ಕೊಟ್ಟಿದ್ದರೂ ಸಾಕಾಗಿತ್ತು.

ಕೋಣೆಯ ಒಳಗೆ ನಡೆದದ್ದು ಬೇರೆಯೇ ದರ್ಜೆಯ ಕೆಲಸ. ಮೊದಲು ಒಬ್ಬ ಸಿಬ್ಬಂದಿ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಹಿಡಿದು ಕುಳಿತರು. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ, ಹಸಿವು, ಆಯಾಸ, ನನ್ನಿಂದ ಮನೆಯವರಿಗೆ ಕೇಡಾಯಿತು ಎಂಬ ಭಾವನೆ, ಬದುಕಿರುವುದೇ ಬೇಡ ಎಂಬ ಯೋಚನೆ ಎಷ್ಟು ದಿನ ಕಾಡಿತು ಎಂದು ಕೇಳಿ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿದರು. ಪಿಎಚ್‌ಕ್ಯೂ-9 ಎಂದು ಅದರ ಹೆಸರು. ಒಟ್ಟು 27, ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನಿಸಬೇಕಾದ ಖಿನ್ನತೆ. ನನಗೆ 17 ಬಂತು. ಲೆಕ್ಕದವನಾದ ನನಗೆ ಆ ಅಂಕೆ ನೋಡಿದಾಗ ಆದ ಸಮಾಧಾನವನ್ನು ಬೇರೆಯವರಿಗೆ ವಿವರಿಸುವುದು ಕಷ್ಟ: ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನನ್ನೊಳಗಿನ ಯಾವುದೋ ಒಂದು ಕೂಡಿಸಿದರೆ ಸರಿಯಾದ ಮೊತ್ತ ಬಂದಿತ್ತು.

ಆಮೇಲೆ ವೈದ್ಯರು ಸುಮಾರು 20 ನಿಮಿಷ ಮಾತನಾಡಿದರು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗಳನ್ನು ಬರೆದುಕೊಟ್ಟರು, ಏಕೆಂದರೆ ಇವುಗಳ ಕೊರತೆಯೂ ಖಿನ್ನತೆಯಂತೆಯೇ ತೋರಬಹುದು. ಕುಡಿಯುವ ಅಭ್ಯಾಸ ಇದೆಯೇ ಎಂದು ಕೇಳಿದರು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನ್ನುವಷ್ಟು ಉತ್ಸಾಹ, ಅತಿಯಾದ ಮಾತು, ಲೆಕ್ಕವಿಲ್ಲದ ಖರ್ಚು ದಿನಗಟ್ಟಲೆ ಇತ್ತೇ ಎಂಬುದನ್ನು ನನ್ನಿಂದಲೂ ಹೆಂಡತಿಯಿಂದಲೂ ಬೇರೆಬೇರೆಯಾಗಿ ಕೇಳಿದರು. ಇದೇಕೆ ಎಂದು ನಾನು ವಿಚಾರಿಸಿದಾಗ, ಬೈಪೋಲಾರ್ ಎಂಬ ಕಾಯಿಲೆಯಲ್ಲೂ ಖಿನ್ನತೆಯ ಕಾಲ ಇರುತ್ತದೆಂದೂ, ಅಂಥವರಿಗೆ ಖಿನ್ನತೆಯ ಗುಳಿಗೆಯನ್ನಷ್ಟೇ ಕೊಟ್ಟರೆ ಮನಸ್ಸು ಎದುರು ದಿಕ್ಕಿಗೆ ಜಿಗಿಯುವ ಅಪಾಯವಿದೆಯೆಂದೂ ತಿಳಿಸಿದರು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದರು. ಹೌದು ಎಂದೆ. ಅವರು ಗಾಬರಿಯಾಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಗುಳಿಗೆಗಳು ಹೆಂಡತಿಯ ಕೈಯಲ್ಲಿರಲಿ, ಅಪಾಯವಾಗಬಹುದಾದ ವಸ್ತುಗಳು ಬೀಗದೊಳಗಿರಲಿ, ರಾತ್ರಿ ಒಬ್ಬರೇ ಮಲಗುವುದು ಬೇಡ ಎಂದು ಹೇಳಿ ಒಂದು ವಾರಕ್ಕಷ್ಟೇ ಔಷಧಿ ಬರೆದರು. ಈ ಪ್ರಶ್ನೆಯನ್ನು ಕೇಳುವ ಧೈರ್ಯ ಅದಕ್ಕೂ ಮೊದಲು ನಾನು ಕಂಡ ಐದು ಜನ ವೈದ್ಯರಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಮಾನಸಿಕ ಆಸ್ಪತ್ರೆಯ ಗೋಡೆಯ ಹೊರಗೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಗಳ ಮಟ್ಟದಲ್ಲೇ ಕೊಡಬಹುದು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ. 1980ರ ದಶಕದ ಮಧ್ಯಭಾಗದಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಸಿಬ್ಬಂದಿಗೂ ತರಬೇತಿ ಕೊಟ್ಟು ಈ ಪ್ರಯೋಗ ನಡೆಸಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿ, ನಂತರ ದೇಶದ ತುಂಬ ಹರಡಿತು. ಗಣಿ ಮತ್ತು ಬಿಸಿಲಿಗೆ ಮಾತ್ರ ಹೆಸರಾದ ನಾಡಿನಲ್ಲಿ ಇಂಥದ್ದೊಂದು ಹುಟ್ಟಿತೆಂಬುದು ನಮ್ಮ ಕಡೆಯ ಎಷ್ಟು ಜನರಿಗೆ ಗೊತ್ತು? ಮಂಗಳವಾರದ ಬೆಂಚಿನ ಮೇಲೆ ಕುಳಿತವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ವೈದ್ಯರು ಹೇಳಿದ ಮೇಲೆಯೇ ತಿಳಿದದ್ದು.

ಇನ್ನು ಗುಳಿಗೆಯ ವಿಮರ್ಶೆ. ನನಗೆ ಬರೆದದ್ದು ಎಸಿಟಾಲೋಪ್ರಾಮ್, ಮೊದಲು 5 ಮಿಲಿಗ್ರಾಂ, ವಾರದ ನಂತರ 10. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್ ಕೂಡ ಇದೇ ಎಸ್‌ಎಸ್‌ಆರ್‌ಐ ಗುಂಪಿಗೆ ಸೇರಿದವು. ಮೆದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು ಇವುಗಳ ಕೆಲಸ. ಮೊದಲ ವಾರದ ಅನುಭವಕ್ಕೆ ನಾನು ಹತ್ತಕ್ಕೆ ಎರಡೇ ಅಂಕ ಕೊಡುತ್ತೇನೆ. ವಾಕರಿಕೆ, ತಲೆನೋವು, ಒಳಗೊಳಗೇ ಚಡಪಡಿಕೆ. ಕಾಯಿಲೆಯೇ ಹೆಚ್ಚಾಯಿತೆಂದು ತೋರಿತು. ಇದನ್ನು ಮೊದಲೇ ಎಚ್ಚರಿಸಿದ್ದರಿಂದ ಮಾತ್ರ ನಾನು ಗುಳಿಗೆ ಬಿಡಲಿಲ್ಲ. ಚಿಕ್ಕ ವಯಸ್ಸಿನವರಲ್ಲಿ, ವಿಶೇಷವಾಗಿ 25 ದಾಟದವರಲ್ಲಿ, ಈ ಆರಂಭದ ವಾರಗಳಲ್ಲಿ ಸಾಯುವ ಯೋಚನೆಗಳು ಹೆಚ್ಚಾಗುವ ಸಾಧ್ಯತೆ ಇರುವುದರಿಂದ ಮನೆಯವರು ಕಣ್ಣಿಟ್ಟಿರಬೇಕು ಎಂಬುದನ್ನೂ ವೈದ್ಯರು ಹೇಳಿದ್ದರು.

ಮೂರನೆಯ ವಾರ ನಿದ್ದೆ ಮರಳಿತು. ನಾಲ್ಕನೆಯ ವಾರ ಊಟದ ರುಚಿ ಗೊತ್ತಾಯಿತು. ಮನಸ್ಸು ಮಾತ್ರ ಎಲ್ಲಕ್ಕಿಂತ ಕೊನೆಗೆ ಬಂತು. ಆರನೆಯ ವಾರ ಒಂದು ಸಂಜೆ, ಗಿರಣಿಯ ಹಮಾಲರು ಯಾವುದೋ ಮಾತಿಗೆ ನಗುತ್ತಿದ್ದಾಗ ನಾನೂ ನಕ್ಕೆ; ನಕ್ಕ ಮೇಲೆ ನಕ್ಕೆನೆಂದು ಗೊತ್ತಾಯಿತು. ಆ ಹೊತ್ತಿನ ಅಂಕ ಏಳು. ಉಳಿದ ಮೂರನ್ನು ಕಳೆದದ್ದು ಎರಡು ಕಾರಣಕ್ಕೆ. ದಾಂಪತ್ಯದ ಆಸಕ್ತಿಯನ್ನು ಈ ಗುಳಿಗೆ ತಗ್ಗಿಸುತ್ತದೆ. ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾಚಿಕೆಯಿಂದ ಕೇಳುವವರೂ ಇಲ್ಲ, ಕೊನೆಗೆ ಎಷ್ಟೋ ಗಂಡಸರು ಕಾರಣ ಹೇಳದೆ ಔಷಧಿ ನಿಲ್ಲಿಸಿಬಿಡುತ್ತಾರೆ. ಹೇಳಿಕೊಂಡರೆ ಪ್ರಮಾಣ ಬದಲಿಸಲು ಅಥವಾ ಬೇರೆ ಔಷಧಿಗೆ ಹೋಗಲು ಸಾಧ್ಯವಿದೆ. ಎರಡನೆಯದು ನನ್ನದೇ ತಪ್ಪು. ಐದನೆಯ ತಿಂಗಳಲ್ಲಿ ಬೇಸಿಗೆ ಭತ್ತದ ಕೆಲಸ ಹೆಚ್ಚಿತ್ತು, ನಾನೂ ಆರಾಮಾಗಿದ್ದೆ, ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದೆ. ಮೂರು ದಿನದಲ್ಲಿ ತಲೆಸುತ್ತು, ಕತ್ತು ತಿರುಗಿಸಿದರೆ ತಲೆಯೊಳಗೆ ವಿದ್ಯುತ್ ಮಿಂಚಿದ ಹಾಗೆ, ಕಾರಣವಿಲ್ಲದ ಸಿಟ್ಟು. ಈ ಔಷಧಿಗಳಿಗೆ ಮದ್ಯದ ಹಾಗೆ ಚಟ ಹತ್ತುವುದಿಲ್ಲ, ಆದರೆ ಒಮ್ಮೆಲೇ ಬಿಟ್ಟರೆ ದೇಹ ತಕರಾರು ಮಾಡುತ್ತದೆ. ವೈದ್ಯರ ಸಲಹೆಯಂತೆ ವಾರಗಳ ಕಾಲ ಇಳಿಸುತ್ತ ಬಿಡಬೇಕು. ಅದೂ ಪೂರ್ತಿ ಗುಣವಾದ ಮೇಲೆ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿದ ನಂತರ. ಕಾಯಿಲೆ ಮತ್ತೆಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ. ನನಗೆ ಒಂದು ತಿಂಗಳೊಳಗೆ ನಸುಕಿನ ಮೂರು ಗಂಟೆಯ ಎಚ್ಚರ ಮರಳಿ ಬಂತು, ಲೆಕ್ಕ ಮೊದಲಿನಿಂದ ಶುರುವಾಯಿತು.

ನನಗೆ ಮೊದಲ ಔಷಧಿಯೇ ಹಿಡಿಸಿದ್ದನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಅಮೆರಿಕದಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಸ್ಟಾರ್‌ಡಿ ಎಂಬ ಅಧ್ಯಯನದಲ್ಲಿ, ಮೊದಲ ಔಷಧಿಯಿಂದಲೇ ಸಂಪೂರ್ಣ ಚೇತರಿಸಿಕೊಂಡವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಿಗೆ ಪ್ರಮಾಣ ಹೆಚ್ಚಿಸುವುದು, ವೆನ್ಲಾಫ್ಯಾಕ್ಸಿನ್, ಮಿರ್ಟಾಜಪಿನ್‌ನಂಥ ಬೇರೆ ಔಷಧಿಗೆ ಬದಲಿಸುವುದು, ಇನ್ನೊಂದನ್ನು ಜೊತೆಗೆ ಸೇರಿಸುವುದು ಎಂಬ ಮೆಟ್ಟಿಲುಗಳಿವೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧಿಗಳೂ ಕೆಲಸ ಮಾಡುತ್ತವೆ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮಂಪರು ಹೆಚ್ಚು. ಹತ್ತು ದಿನ ನುಂಗಿ, ಈ ಗುಳಿಗೆ ನನಗೆ ನಾಟಲಿಲ್ಲ ಎಂದು ತೀರ್ಪು ಕೊಡುವವರ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಬೇಕು.

ಸರ್ಕಾರಿ ಕ್ಲಿನಿಕ್ಕಿಗೆ ಕೊನೆಗೆ ನಾನು ಕೊಟ್ಟದ್ದು ಹತ್ತಕ್ಕೆ ಏಳು. ಔಷಧಿ ಉಚಿತ, ಚೀಟಿಯ ಖರ್ಚು ನಗಣ್ಯ. ಹೆಂಡತಿಗೆ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ನನ್ನದೊಬ್ಬನದೇ ದುಡ್ಡು. ಜೊತೆಗೊಬ್ಬರನ್ನು ಕರೆದೊಯ್ಯಬೇಕಾದ ಈ ಕಾಯಿಲೆಯಲ್ಲಿ ಅದು ಸಣ್ಣ ಉಪಕಾರವೇನಲ್ಲ. ಮೂರನೆಯ ಚೀಟಿಯ ಪರೀಕ್ಷೆಯಲ್ಲಿ ಮಾತ್ರ ಅದು ಎಡವಿತು. ಮೂರನೆಯ ಸಲ ಹೋದಾಗ ವೈದ್ಯರು ಬೇರೆಯವರಾಗಿದ್ದರು, ಹಳೆಯ ಕಾಗದ ಸಿಗಲಿಲ್ಲ, ಗುಳಿಗೆ ಮುಗಿದಿತ್ತು. ಹೊರಗೆ ತೆಗೆದುಕೊಳ್ಳಿ ಎಂದರು. ಅದೃಷ್ಟಕ್ಕೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು. ಅಂದಿನಿಂದ ಪ್ರತಿ ಚೀಟಿಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳುತ್ತೇನೆ. ತನ್ನ ಚಿಕಿತ್ಸೆಯ ದಾಖಲೆಯನ್ನು ಕೇಳಿ ಪಡೆಯುವ ಹಕ್ಕನ್ನೂ ಅದೇ 2017ರ ಕಾಯ್ದೆ ರೋಗಿಗೆ ಕೊಟ್ಟಿದೆ.

ಆ ಬೇಸರದಲ್ಲೇ ಬಳ್ಳಾರಿಯ ಒಬ್ಬ ಖಾಸಗಿ ಮನೋವೈದ್ಯರ ಬಳಿ ನಾಲ್ಕು ಸಲ ಹೋದೆ. ಒಂದು ಭೇಟಿಗೆ 500 ರೂಪಾಯಿ ಫೀಸು, ಔಷಧಿಗೆ ಸುಮಾರು ಅಷ್ಟೇ, ಬಸ್ಸು, ಊಟ, ಒಂದು ದಿನದ ಸಂಬಳ. ಹೊರಗಿನ ಫಲಕದಲ್ಲಿ ನರರೋಗ ಎಂಬ ಅಕ್ಷರಗಳು ದೊಡ್ಡದಾಗಿದ್ದು, ಮನೋರೋಗ ಎಂಬುದು ಸಣ್ಣದಾಗಿತ್ತು. ಬರುವವರ ಸಂಕೋಚ ಅರಿತು ಬರೆಸಿದ ಫಲಕವದು, ನಾನೂ ‘ನರದ ಡಾಕ್ಟರ್ ಹತ್ರ ಹೋಗಿದ್ದೆ’ ಎಂದು ಊರಲ್ಲಿ ಹೇಳಿಕೊಳ್ಳಲು ಅನುಕೂಲವಾಯಿತು. ಪ್ರತಿ ಸಲವೂ ಅದೇ ವೈದ್ಯರು, ಅದೇ ಫೈಲು, ಹೆಸರು ಹಿಡಿದು ಮಾತು. ಆದರೆ ಮಾತು ಏಳು ನಿಮಿಷ ಮೀರಲಿಲ್ಲ, ಚೀಟಿಯಲ್ಲಿ ಗುಳಿಗೆಗಳು ಎರಡರಿಂದ ನಾಲ್ಕಕ್ಕೆ ಏರಿದವು, ನಾಲ್ಕನೆಯದು ಏತಕ್ಕೆಂದು ಕೇಳಿದಾಗ ಉತ್ತರ ‘ತಗೋರಿ, ಛಲೋ ಆಗ್ತದ’ ಎಂಬಷ್ಟೇ. ಆರು ಅಂಕ. ಅವರು ಕೆಟ್ಟ ವೈದ್ಯರಲ್ಲ. ಹೊರಗೆ ಐವತ್ತು ಜನ ಕುಳಿತಿದ್ದರು.

ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಅಂಕ ಪಡೆದದ್ದು ಆಪ್ತಸಮಾಲೋಚನೆ, ಅತಿ ಕಷ್ಟದಲ್ಲಿ ಸಿಕ್ಕಿದ್ದೂ ಅದೇ. ನಮ್ಮ ಕೊಪ್ಪಳ, ರಾಯಚೂರು ಕಡೆ ಮನೋವೈದ್ಯರೇ ವಿರಳ, ಮನಶ್ಶಾಸ್ತ್ರಜ್ಞರು ಇನ್ನೂ ವಿರಳ. ಹುಡುಕುವವರು ಒಂದನ್ನು ಗಮನಿಸಬೇಕು: ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಅದನ್ನು ಕೇಳಲು ಸಂಕೋಚಪಡಬಾರದು, ಏಕೆಂದರೆ ಸಮಾಲೋಚನೆ ಎಂಬ ಫಲಕ ಹಾಕಿಕೊಂಡು ಉಪದೇಶ ಮಾರುವವರೂ ಇದ್ದಾರೆ. ನನಗೆ ಸಿಕ್ಕವರು ಮೊದಲ ಎರಡು ಭೇಟಿಗಳನ್ನು ಎದುರಿಗೆ ಕುಳಿತು ನಡೆಸಿ, ಉಳಿದ ಆರನ್ನು ವಾರಕ್ಕೊಮ್ಮೆ ಫೋನಿನಲ್ಲಿ ನಡೆಸಿದರು.

ಅವರು ನನ್ನ ಬಾಲ್ಯವನ್ನು ಕೆದಕಲಿಲ್ಲ, ಧೈರ್ಯ ತಂದುಕೊಳ್ಳಿ ಎಂದೂ ಹೇಳಲಿಲ್ಲ. ಒಂದು ಹಾಳೆ ಕೊಟ್ಟು ದಿನದ ಪ್ರತಿ ಎರಡು ಗಂಟೆಯಲ್ಲಿ ಏನು ಮಾಡಿದೆ, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಎಂದು ಬರೆಯಲು ಹೇಳಿದರು. ವಾರದ ಕೊನೆಗೆ ಆ ಹಾಳೆಯೇ ಮಾತನಾಡಿತು: ಮಧ್ಯಾಹ್ನ ಮಲಗಿದ ಹೊತ್ತಿನಲ್ಲೆಲ್ಲ ಅಂಕ ಎರಡು, ಮಗಳ ಜೊತೆ ಬಸ್ ನಿಲ್ದಾಣದವರೆಗೆ ನಡೆದ ಹತ್ತು ನಿಮಿಷಕ್ಕೆ ನಾಲ್ಕು. ‘ಮನಸ್ಸು ಬಂದ ಮೇಲೆ ಎದ್ದೇಳುತ್ತೇನೆ ಎಂದು ಕಾಯಬೇಡಿ, ಎದ್ದ ಮೇಲೆ ಮನಸ್ಸು ಹಿಂದಿನಿಂದ ಬರುತ್ತದೆ’ ಎಂದು ಆ ಹತ್ತು ನಿಮಿಷವನ್ನು ದಿನಚರಿಯಲ್ಲಿ ಕಡ್ಡಾಯ ಮಾಡಿದರು. ಮರುವಾರ ಅದಕ್ಕೆ ಪತ್ರಿಕೆ ತರುವ ಕೆಲಸ, ಅದರ ಮರುವಾರ ಬಿಟ್ಟುಹೋಗಿದ್ದ ಭಜನೆಯ ಶನಿವಾರ ಸೇರಿದವು. ಚಟುವಟಿಕೆಯಿಂದ ಮನಸ್ಸನ್ನು ಎತ್ತುವ ಈ ವಿಧಾನವನ್ನು ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರ ಕೈಯಿಂದಲೇ ಆರರಿಂದ ಎಂಟು ಭೇಟಿಗಳಲ್ಲಿ ಕೊಟ್ಟು ನೋಡಲಾಗಿದೆ. ತೀವ್ರ ಖಿನ್ನತೆಯಿದ್ದವರಿಗೂ ಅದು ಉಪಯೋಗವಾಯಿತೆಂಬ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹಾಗಿದ್ದಮೇಲೆ ನಮ್ಮ ಓಣಿಯ ಆಶಾ ಕಾರ್ಯಕರ್ತೆಗೂ ಇದನ್ನು ಕಲಿಸಬಹುದಲ್ಲವೇ ಎಂದು ನನಗೆ ಅನ್ನಿಸುತ್ತದೆ. ಆಕೆಯ ತಲೆಯ ಮೇಲೆ ಈಗಾಗಲೇ ಎಷ್ಟು ಕೆಲಸಗಳಿವೆ ಎಂಬುದೂ ನೆನಪಾಗುತ್ತದೆ. ಒಂಬತ್ತು ಅಂಕ. ಒಂದು ಕಳೆದದ್ದು ನೆಟ್‌ವರ್ಕ್ ಹೋಗಿ ಅರ್ಧಕ್ಕೆ ನಿಂತ ಎರಡು ಮಾತುಕತೆಗಳಿಗಾಗಿ.

ನಾನು ಗುಳಿಗೆ ಬಿಟ್ಟು ಮತ್ತೆ ಬಿದ್ದ ಆ ತಿಂಗಳಲ್ಲಿ, ಒಂದು ರಾತ್ರಿ ಎರಡೂವರೆಗೆ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಈ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ, ಭಾಷೆಯನ್ನು ಆರಿಸಿಕೊಳ್ಳಬಹುದು. ಕನ್ನಡ ಆರಿಸಿದ ಮೇಲೆ ಒಬ್ಬ ಹೆಣ್ಣುಮಗಳು ಮಾತಿಗೆ ಸಿಕ್ಕರು. ನಾನು ಬ್ಯಾಸರ ಎಂದರೆ ಅವರಿಗೆ ಅರ್ಥವಾದೀತೇ ಎಂಬ ಅನುಮಾನವಿತ್ತು. ‘ಬ್ಯಾಸರ ಭಾಳ ದಿನದಿಂದ ಐತೇನ್ರಿ ಅಣ್ಣಾರ?’ ಎಂದು ಅವರೇ ಕೇಳಿದಾಗ ಗಂಟಲು ಕಟ್ಟಿತು. ಮನೆಯಲ್ಲಿ ಯಾರಿದ್ದಾರೆ, ಅವರನ್ನು ಈಗಲೇ ಎಬ್ಬಿಸಬಹುದೇ ಎಂದು ಕೇಳಿ, ಹೆಂಡತಿಯನ್ನು ಎಬ್ಬಿಸುವವರೆಗೂ ಫೋನ್ ಇಡಲಿಲ್ಲ. ಎರಡು ದಿನದ ನಂತರ ಅವರ ಕಡೆಯಿಂದಲೇ ವಿಚಾರಿಸುವ ಕರೆ ಬಂತು. ಇನ್ನೊಮ್ಮೆ ಕರೆ ಮಾಡಿದಾಗ ಬೇರೆಯವರು ಸಿಕ್ಕಿ ಇಡೀ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು, ಅದು ಇದರ ಮಿತಿ. ಚಿಕಿತ್ಸೆಯ ಬದಲಿಗೆ ಇದನ್ನು ಇಟ್ಟುಕೊಳ್ಳಲಾಗದು, ಆದರೆ ಮಂಗಳವಾರ ಇನ್ನೂ ನಾಲ್ಕು ದಿನ ದೂರವಿರುವ ರಾತ್ರಿಗೆ ಇದಕ್ಕಿಂತ ಹತ್ತಿರದ ಬಾಗಿಲು ನಮ್ಮ ಊರಿನಲ್ಲಿಲ್ಲ. ಎಂಟು ಅಂಕ. ಆದರೆ ತಕ್ಷಣದ ಪ್ರಾಣಾಪಾಯ ಇರುವಾಗ 112ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕೇಸಾಗುತ್ತದೆ ಎಂಬ ಭಯದಿಂದ ಮನೆಯಲ್ಲೇ ಇಟ್ಟುಕೊಳ್ಳುವವರು ತಿಳಿಯಬೇಕಾದದ್ದೆಂದರೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆ ಹೇಳುತ್ತದೆ.

ಹುಲಿಗೆಮ್ಮನ ಗುಡಿಗೆ ಹೆಂಡತಿ ಐದು ಹುಣ್ಣಿಮೆ ಹರಕೆ ಹೊತ್ತಳು, ನಾನೂ ಜೊತೆಗೆ ಹೋದೆ. ವೈದ್ಯರನ್ನು ಕೇಳಿದಾಗ, ‘ಹೋಗಿ ಬರ್ರಿ, ಗುಳಿಗಿ ತಪ್ಪಿಸಬ್ಯಾಡ್ರಿ’ ಎಂದರು. ಅದಕ್ಕೆ ಅಂಕ ಹಾಕುವ ಅಧಿಕಾರ ನನಗಿಲ್ಲ.

ವಿದ್ಯುತ್ ಚಿಕಿತ್ಸೆಯ ಬಗ್ಗೆ ಎರಡು ಮಾತು, ಏಕೆಂದರೆ ‘ಧಾರವಾಡಕ್ಕೆ ಸೇರಿಸಿ ಕರೆಂಟ್ ಕೊಡಿಸಬೇಕು’ ಎಂಬುದು, ಧಾರವಾಡದ ಮಾನಸಿಕ ಆಸ್ಪತ್ರೆಯನ್ನು ನೆನೆದು ಆಡುವ, ನಮ್ಮ ಕಡೆ ಗಾದೆಯಷ್ಟೇ ಹಳೆಯ ಬೈಗುಳ. ನನಗೆ ಅದು ಬೇಕಾಗಲಿಲ್ಲ. ನಮ್ಮ ಸಂಬಂಧಿಕರಲ್ಲಿ ಒಬ್ಬ ಹೆಣ್ಣುಮಗಳು ಊಟ, ನೀರು, ಮಾತು ಎಲ್ಲವನ್ನೂ ಬಿಟ್ಟು ಹಾಸಿಗೆ ಹಿಡಿದಿದ್ದರು. ಔಷಧಿಗಳು ನಾಟದಿದ್ದಾಗ ಆಸ್ಪತ್ರೆಗೆ ಸೇರಿಸಿ ಈ ಚಿಕಿತ್ಸೆ ಕೊಡಿಸಲಾಯಿತು. 1938ರಲ್ಲಿ ರೋಮ್ ನಗರದಲ್ಲಿ ಮೊದಲು ಬಳಕೆಗೆ ಬಂದ ಈ ವಿಧಾನವನ್ನು ಈಗ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ. ಅವರು ನಿದ್ದೆಯಲ್ಲಿ ಹೋದರು, ನಿದ್ದೆಯಲ್ಲಿ ಬಂದರು. ಮೂರನೆಯದಾದ ಮೇಲೆ ಚಹಾ ಕೇಳಿದರು. ಆ ವಾರಗಳ ಕೆಲವು ನೆನಪುಗಳು ಅವರಿಗೆ ಮಸುಕಾಗಿವೆ, ಅದನ್ನು ಮುಚ್ಚಿಡುವುದಿಲ್ಲ. ಈಗ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾರೆ. ಆಯಸ್ಕಾಂತದಿಂದ ಮೆದುಳನ್ನು ಪ್ರಚೋದಿಸುವ ಚಿಕಿತ್ಸೆ, ಕೆಟಮಿನ್ ಜಾತಿಯ ಔಷಧಿ ಮುಂತಾದ ಹೊಸ ಆಯ್ಕೆಗಳೂ ಹಲವು ಔಷಧಿಗಳಿಂದ ಗುಣವಾಗದವರಿಗೆ ಇವೆ. ನಾನು ಅವುಗಳನ್ನು ಕಂಡಿಲ್ಲವಾದ್ದರಿಂದ ಅಂಕದ ಕೋಷ್ಟಕದಲ್ಲಿ ಅಡ್ಡಗೆರೆ ಎಳೆದಿದ್ದೇನೆ.

ವಿಮೆ ಇರುವವರು ಇನ್ನೊಂದನ್ನು ತಿಳಿದಿರಬೇಕು. ದೇಹದ ಕಾಯಿಲೆಗೆ ಕೊಡುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು ಅದೇ ಕಾಯ್ದೆ ವಿಮಾ ಸಂಸ್ಥೆಗಳಿಗೆ ವಿಧಿಸಿದೆ. ಏಜೆಂಟರು ಇಲ್ಲವೆಂದರೆ ಲಿಖಿತವಾಗಿ ಕೊಡಿ ಎನ್ನಬೇಕು; ನಮ್ಮ ಸಂಬಂಧಿಕರು ಹಾಗೆ ಕೇಳಿದ ಮೇಲೆಯೇ ಕಾಗದಗಳು ಮುಂದಕ್ಕೆ ಹೋದವು.

ಇದೀಗ ನಾನು ಮತ್ತೆ ಮಂಗಳವಾರದ ಕ್ಲಿನಿಕ್ಕಿಗೇ ಹೋಗುತ್ತಿದ್ದೇನೆ. ಹಿಂದಿನ ಆರು ತಿಂಗಳಿಂದ ಒಬ್ಬರೇ ವೈದ್ಯರಿದ್ದಾರೆ. ಕೂಗಿ ಕರೆಯುವುದೂ ನಿಂತಿದೆ, ಈಗ ಬಾಗಿಲಿಗೆ ಕೋಣೆಯ ಸಂಖ್ಯೆ ಅಂಟಿಸಿದ್ದಾರೆ. ಒಂಬತ್ತು ಪ್ರಶ್ನೆಗಳ ಹಾಳೆಯಲ್ಲಿ ಕೊನೆಯ ಸಲ ಬಂದ ಮೊತ್ತ 4. ಗುಳಿಗೆ ಇಳಿಸುವ ಮಾತನ್ನು ಮುಂದಿನ ಭೇಟಿಯಲ್ಲಿ ಆಡೋಣ ಎಂದು ವೈದ್ಯರು ಚೀಟಿಯ ಮೇಲೆ ಬರೆದ ದಿನಾಂಕ, ಭತ್ತದ ಲಾರಿಗಳು ಗಿರಣಿಯ ಮುಂದೆ ಸಾಲುಗಟ್ಟುವ ವಾರದಲ್ಲೇ ಬಿದ್ದಿದೆ. ಮಾಲೀಕರಿಗೆ ಈಗಲೇ ಹೇಳಿ ಆ ಮಂಗಳವಾರ ರಜೆ ಬರೆಸಿದ್ದೇನೆ. ಹೋದ ವರ್ಷದ ರಜೆ ಪುಸ್ತಕದಲ್ಲಿ ನನ್ನ ಮಂಗಳವಾರಗಳ ಮುಂದೆ ಸೊಂಟ ನೋವು, ಮದುವೆ, ತಹಶೀಲ್ದಾರ್ ಕಚೇರಿ ಎಂದೆಲ್ಲ ಇದೆ. ಈ ಸಲ ಕಾರಣದ ಮನೆಯಲ್ಲಿ ಮನೋವೈದ್ಯರ ಭೇಟಿ ಎಂದು ಬರೆದು ಸಹಿ ಹಾಕಿದೆ.